ಊರಿನ ಇತಿಹಾಸವನ್ನು ಊರವರೇ ಬರೆಯುವ ಬಗೆ: ಸಣ್ಣ ಬಳಗಗಳಿಗೊಂದು ವಿವರಣೆ

ಬಾಗಲಕೋಟೆ ಜಿಲ್ಲೆಯ ಗ್ರಾಮ ಪಂಚಾಯತಿ ಅರಿವು ಕೇಂದ್ರಗಳಲ್ಲಿ, ಪ್ರೌಢಶಾಲೆಗಳಲ್ಲಿ, ದೇವಸ್ಥಾನದ ಸಮಿತಿಗಳಲ್ಲಿ, ಯುವಕ ಮಂಡಳ ಹಾಗೂ ಮಹಿಳಾ ಮಂಡಳಗಳಲ್ಲಿ ತಮ್ಮ ಊರಿನ ಇತಿಹಾಸವನ್ನು ಬರೆದಿಡಬೇಕೆಂಬ ಅಪೇಕ್ಷೆಯುಳ್ಳವರು ಅನೇಕರಿದ್ದಾರೆ. ಇಂಥ ಬಳಗಗಳಲ್ಲಿ ಮೂರು ನಾಲ್ಕು ಜನರಿಗಿಂತ ಹೆಚ್ಚು ಇರುವುದು ಅಪರೂಪ. ಹಣವಂತೂ ಇರುವುದೇ ಇಲ್ಲ. ಆದರೂ ಇದನ್ನು ಹವ್ಯಾಸಿಗಳ ಬಿಡುವಿನ ಕೆಲಸವೆಂದು ಬದಿಗೆ ಸರಿಸುವಂತಿಲ್ಲ. ನಾಡಿನ ಸಂಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಗೌರವಿಸಿ ಕಾಪಾಡುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ಸಂವಿಧಾನದ 51ಎ ವಿಧಿಯು ಹೇಳುತ್ತದೆ. ಪಂಚಾಯತಿಗಳ ವಿಷಯಗಳನ್ನು ಪಟ್ಟಿಮಾಡುವ 11ನೆಯ ಅನುಸೂಚಿಯಲ್ಲಿ ಗ್ರಂಥಾಲಯಗಳೂ ಸಾಂಸ್ಕೃತಿಕ ಚಟುವಟಿಕೆಗಳೂ ಸೇರಿವೆ. ಆದ್ದರಿಂದ ಇಂಥ ಬಳಗಗಳು ಏನನ್ನು ಬರೆಯಬೇಕು, ಹೇಗೆ ಬರೆಯಬೇಕು, ಬರೆದದ್ದನ್ನು ಹೇಗೆ ಉಳಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಜಾತ್ರೆಯ ಸ್ಮರಣ ಸಂಚಿಕೆಯಲ್ಲಿಯೋ ಶಾಲೆಯ ಅಮೃತ ಮಹೋತ್ಸವದ ಪುಸ್ತಕದಲ್ಲಿಯೋ ಬರುವ ‘ನಮ್ಮೂರ ಇತಿಹಾಸ’ ಎಂಬ ಲೇಖನವನ್ನು ತೆರೆದು ನೋಡಿದರೆ, ಸಾಮಾನ್ಯವಾಗಿ ಮೊದಲ ನಾಲ್ಕು ಪುಟ ಚಾಲುಕ್ಯರಿಗೆ, ಒಂದು ಪುಟ ವಿಜಯನಗರ ಮತ್ತು ಆದಿಲಶಾಹಿಗೆ, ಕೊನೆಯ ಅರ್ಧ ಪುಟ ಮಾತ್ರ ಊರಿಗೆ ಮೀಸಲಾಗಿರುತ್ತದೆ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ನೆರಳಿನಲ್ಲಿ ಬಾಳುವ ನಮಗೆ ಇದು ಸಹಜವೇ. ಆದರೆ ಇಮ್ಮಡಿ ಪುಲಕೇಶಿಯ ವಿಷಯದಲ್ಲಿ ಒಂದು ಸಣ್ಣ ಊರಿನ ಬಳಗವು ಹೊಸದಾಗಿ ಹೇಳಬಲ್ಲದ್ದು ತೀರ ಕಡಿಮೆ. ಅದನ್ನು ನೂರೈವತ್ತು ವರ್ಷಗಳಿಂದ ವಿದ್ವಾಂಸರು ಬರೆಯುತ್ತ ಬಂದಿದ್ದಾರೆ. ಊರ ಹಗೇವುಗಳ ಸಾಲು ಎಲ್ಲಿತ್ತು, ಪ್ಲೇಗಿನ ಕಾಲದಲ್ಲಿ ಜನರು ಯಾವ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು, ಮೊದಲ ಹೆಣ್ಣುಮಗಳು ಶಾಲೆಗೆ ಹೋದದ್ದು ಯಾವಾಗ, ಅಗಸಿಯ ಕಲ್ಲುಗಳು ಈಗ ಯಾವ ಕಟ್ಟಡದಲ್ಲಿವೆ ಎಂಬುದನ್ನು ಹೇಳಬಲ್ಲವರು ಆ ಊರಿನವರೇ ಹೊರತು ಬೇರೆ ಯಾರೂ ಅಲ್ಲ. ಅವರೂ ಬರೆಯದಿದ್ದರೆ ಆ ಸಂಗತಿ ಇನ್ನೆಲ್ಲಿಯೂ ದೊರೆಯುವುದಿಲ್ಲ.

ಕಲ್ಲು, ಕಾಗದ, ಬಾಯಿಮಾತು

ಊರಿನ ಇತಿಹಾಸಕ್ಕೆ ಆಧಾರಗಳು ಮುಖ್ಯವಾಗಿ ಮೂರು ಬಗೆಯವು. ಶಾಸನ, ವೀರಗಲ್ಲು, ಮಾಸ್ತಿಗಲ್ಲು, ಕಟ್ಟಡ ಇವು ಕಲ್ಲಿನವು. ಪಹಣಿ, ನಕ್ಷೆ, ನಡಾವಳಿ ಪುಸ್ತಕ, ಶಾಲೆಯ ದಾಖಲಾತಿ ವಹಿ ಇವು ಕಾಗದದವು. ಹಿರಿಯರ ನೆನಪು, ಲಾವಣಿ, ಡೊಳ್ಳಿನ ಪದ, ಸ್ಥಳಪುರಾಣ ಇವು ಬಾಯಿಮಾತಿನವು. ಮೂರಕ್ಕೂ ಬೆಲೆಯುಂಟು. ಆದರೆ ಮೂರನ್ನೂ ಒಂದೇ ವಾಕ್ಯದಲ್ಲಿ ಕಲಸಿದರೆ ಮೂರರ ಬೆಲೆಯೂ ಹೋಗುತ್ತದೆ. ಓದುವವನಿಗೆ ಯಾವುದು ಎಲ್ಲಿಂದ ಬಂತು ಎಂಬುದು ತಿಳಿಯುವಂತೆ ಬರೆಯುವುದೇ ಈ ಕೆಲಸದ ಮುಖ್ಯ ನಿಯಮ.

ಐಹೊಳೆಯ ಹೆಸರನ್ನೇ ತೆಗೆದುಕೊಳ್ಳೋಣ. ಪರಶುರಾಮನು ರಕ್ತಸಿಕ್ತವಾದ ಕೊಡಲಿಯನ್ನು ಹೊಳೆಯಲ್ಲಿ ತೊಳೆದಾಗ ನೀರು ಕೆಂಪಾಯಿತೆಂದೂ ಅದನ್ನು ಕಂಡ ಹೆಣ್ಣುಮಗಳೊಬ್ಬಳು ‘ಅಯ್ಯೋ ಹೊಳೆ’ ಎಂದು ಕೂಗಿದಳೆಂದೂ ಅಲ್ಲಿಂದ ಊರಿಗೆ ಆ ಹೆಸರು ಬಂತೆಂದೂ ಜನರು ಹೇಳುತ್ತಾರೆ. ಶಾಸನಗಳಲ್ಲಿ ಊರಿನ ಹೆಸರು ಅಯ್ಯಾವೊಳೆ ಎಂದೂ ಆರ್ಯಪುರ ಎಂದೂ ಬರುತ್ತದೆ. ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕ ಸಂಘದ ಹೆಸರು ತಮಿಳುನಾಡು, ಆಂಧ್ರ, ಕಡಲಾಚೆಯ ಶ್ರೀಲಂಕೆಯವರೆಗಿನ ಶಾಸನಗಳಲ್ಲಿ ಕಾಣಿಸುತ್ತದೆ. ಇಲ್ಲಿ ಬರೆಯುವವನು ಪರಶುರಾಮನ ಕಥೆಯನ್ನು ಸುಳ್ಳೆಂದು ಬಿಟ್ಟುಬಿಡಬೇಕಾಗಿಲ್ಲ. ಅದನ್ನೇ ವ್ಯುತ್ಪತ್ತಿಯೆಂದು ಒಪ್ಪಬೇಕಾಗಿಯೂ ಇಲ್ಲ. ‘ಊರಿನಲ್ಲಿ ಹೀಗೆ ಹೇಳುತ್ತಾರೆ, ಶಾಸನದಲ್ಲಿ ಹೀಗಿದೆ’ ಎಂದು ಎರಡನ್ನೂ ಬೇರೆ ಬೇರೆ ಬರೆದರೆ ಸಾಕು. ನಮ್ಮ ಸೀಮೆಯಲ್ಲಿ ಪಾಂಡವರು ವನವಾಸಕ್ಕೆ ಬಂದು ಹೋಗದ ಊರನ್ನು ಹುಡುಕುವುದು ಕಷ್ಟ. ಆ ಕಥೆಯಿಂದ ಪಾಂಡವರ ವಿಷಯ ತಿಳಿಯದಿದ್ದರೂ, ಆ ಊರಿನವರು ತಮ್ಮ ಬೆಟ್ಟ, ಗುಹೆ, ದೊಣೆಗಳನ್ನು ಎಷ್ಟು ಹಳೆಯವೆಂದು ಭಾವಿಸಿದ್ದರು ಎಂಬುದಂತೂ ತಿಳಿಯುತ್ತದೆ.

ಅದೇ ಊರಿನ ಗುಡಿಗಳ ಹೆಸರುಗಳನ್ನು ಗಮನಿಸಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ, ಹುಚ್ಚಪ್ಪಯ್ಯನ ಮಠ, ತಾರಬಸಪ್ಪನ ಗುಡಿ, ಲಾಡಖಾನನ ಗುಡಿ ಮುಂತಾದವು ಕಟ್ಟಿಸಿದ ಅರಸರ ಹೆಸರುಗಳಲ್ಲ. ಮೂಲ ದೇವರ ಹೆಸರುಗಳೂ ಅಲ್ಲ. ಗುಡಿಯ ಆಸುಪಾಸಿನಲ್ಲಿ ಅಥವಾ ಗುಡಿಯೊಳಗೇ ಮನೆ ಮಾಡಿಕೊಂಡಿದ್ದ ಮನೆತನಗಳ, ಕಸುಬಿನವರ, ವ್ಯಕ್ತಿಗಳ ಹೆಸರುಗಳವು. ಲಾಡಖಾನ ಎಂಬುವರು ಕೆಲಕಾಲ ಆ ಗುಡಿಯಲ್ಲಿ ವಾಸವಾಗಿದ್ದರೆಂಬ ಕಾರಣಕ್ಕೆ ಅವರ ಹೆಸರು ಜಗತ್ತಿನ ವಾಸ್ತುಶಿಲ್ಪದ ಗ್ರಂಥಗಳಲ್ಲೆಲ್ಲ ಸೇರಿಹೋಗಿದೆ. ದುರ್ಗ ಗುಡಿ ಎಂಬುದನ್ನು ಪ್ರವಾಸಿಗರು ದುರ್ಗಾದೇವಿಯ ಗುಡಿಯೆಂದು ತಿಳಿಯುತ್ತಾರೆ. ಅದು ಒಂದು ಕಾಲಕ್ಕೆ ಕೋಟೆಯ, ಅಂದರೆ ದುರ್ಗದ, ಭಾಗವಾಗಿದ್ದುದರಿಂದ ಬಂದ ಹೆಸರು. ಬೆಟ್ಟದ ಮೇಲಿನ ಮೇಗುತಿ ಎಂದರೆ ಮೇಲಿನ ಗುಡಿ. ರವಿಕೀರ್ತಿಯ ಸಂಸ್ಕೃತ ಶಾಸನವಿರುವುದು ಅಲ್ಲಿಯೇ. ಅದರ ಕಾಲ ಶಕ 556, ಅಂದರೆ ಕ್ರಿ.ಶ. 634. ಆ ಶಾಸನವನ್ನು ಓದಿದವರು ಬಹಳ ಜನ. ಆದರೆ ಗುಡಿಗಳಲ್ಲಿ ಬಾಳಿದ ಮನೆತನಗಳು ಎಲ್ಲಿಗೆ ಹೋದವು, ಅವರ ಒಲೆ, ಗೋದಲಿ, ಹಗೇವುಗಳು ಎಲ್ಲಿದ್ದವು ಎಂಬುದನ್ನು ಬರೆದವರು ಕಡಿಮೆ. ಪ್ರತಿ ಊರಿನಲ್ಲಿಯೂ ಹೊಲ, ಹಳ್ಳ, ಬಾವಿ, ಓಣಿಗಳ ಹೆಸರುಗಳಲ್ಲಿ ಇಂಥ ದಾಖಲೆ ಅಡಗಿದೆ. ಹೊಸ ಬಳಗವೊಂದು ತನ್ನ ಕೆಲಸವನ್ನು ಎಲ್ಲಿಂದ ಆರಂಭಿಸಬೇಕೆಂದು ಕೇಳಿದರೆ, ಊರಿನ ಹೊಲಗಳ ಹೆಸರುಗಳನ್ನು ಪಟ್ಟಿಮಾಡಿರಿ ಎಂದೇ ಹೇಳಬೇಕಾಗುತ್ತದೆ.

ಬಾದಾಮಿಯ ಬಂಡೆಗಳಿಂದ ಕಲಿಯುವುದು

ಚಿಕ್ಕದಾಗಿ ಬರೆದರೆ ಬೆಲೆಯಿರುವುದಿಲ್ಲವೆಂಬ ಭಾವನೆ ಅನೇಕರಲ್ಲಿದೆ. ಬಾದಾಮಿಯ ಕೋಟೆಯ ಬಂಡೆಯ ಮೇಲಿರುವ ಒಂದನೆಯ ಪುಲಕೇಶಿಯ ಶಾಸನವು ಕೆಲವೇ ಸಾಲುಗಳದು. ಶಕ 465ರಲ್ಲಿ, ಅಂದರೆ ಕ್ರಿ.ಶ. 543ರಲ್ಲಿ, ಅವನು ವಾತಾಪಿಯ ಬೆಟ್ಟವನ್ನು ದುರ್ಗವಾಗಿ ಮಾಡಿದನೆಂದು ಅದು ತಿಳಿಸುತ್ತದೆ. ಯಾರು, ಯಾವಾಗ, ಎಲ್ಲಿ, ಏನು ಮಾಡಿದರು ಎಂಬ ನಾಲ್ಕೂ ಅದರಲ್ಲಿವೆ. ಚಾಲುಕ್ಯರ ಕಾಲಗಣನೆಗೆ ಅದೇ ಗಟ್ಟಿಯಾದ ಆಧಾರ. ಇಷ್ಟು ಮುಖ್ಯವಾದ ಶಾಸನ ಜನವಸತಿಯ ಪಕ್ಕದಲ್ಲಿಯೇ ಇದ್ದರೂ 20ನೆಯ ಶತಮಾನದ ನಡುಗಾಲದವರೆಗೆ ವಿದ್ವಾಂಸರ ಗಮನಕ್ಕೆ ಬಂದಿರಲಿಲ್ಲ. ‘ನಮ್ಮೂರಲ್ಲಿ ಇರುವುದನ್ನೆಲ್ಲ ದೊಡ್ಡವರು ಈಗಾಗಲೇ ನೋಡಿಹೋಗಿದ್ದಾರೆ’ ಎನ್ನುವವರು ಇದನ್ನು ನೆನೆಯಬಹುದು.

ಅದೇ ಬಾದಾಮಿಯಲ್ಲಿ ಪಲ್ಲವ ನರಸಿಂಹವರ್ಮನ ಶಾಸನವೂ ಇದೆ. ಅದು ಸುಮಾರು 642ರಲ್ಲಿ ಪಲ್ಲವರು ಈ ಊರನ್ನು ಗೆದ್ದ ಕಾಲದ ಗುರುತು. ಸೋಲಿನ ಆ ಗುರುತನ್ನು ಊರು ಅಳಿಸಿಹಾಕದೆ ಉಳಿಸಿಕೊಂಡಿದೆ. ಮೂರನೆಯ ಗುಹೆಯಲ್ಲಿ ಮಂಗಳೇಶನ ಕ್ರಿ.ಶ. 578ರ ಶಾಸನವಿದೆ. ತಟ್ಟುಕೋಟೆಯ ಕಡೆಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಅದರ ಕಾಲ ಸುಮಾರು ಕ್ರಿ.ಶ. 700 ಎಂದು ಎಣಿಸುತ್ತಾರೆ. ಕನ್ನಡದ ಅತ್ಯಂತ ಹಳೆಯ ತ್ರಿಪದಿಗಳು ಅದರಲ್ಲಿವೆ. ಅರಭಟ್ಟನು ಅರಸನಲ್ಲ, ಸ್ಥಳೀಯನೊಬ್ಬ ವೀರ. ಅವನ ಗುಣವನ್ನು ಯಾರೋ ಒಬ್ಬರು ಬಂಡೆಯ ಮೇಲೆ ಬರೆಯಿಸಿದ್ದರಿಂದ ಅವನು ಉಳಿದ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದ ಲೋಕಮಹಾದೇವಿಯ ಹೆಸರಿನೊಂದಿಗೆ ಅದನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರೂ ಶಾಸನದಲ್ಲಿದೆ. ಹನ್ನೆರಡು ಶತಮಾನಗಳ ಹಿಂದೆ ಶಿಲ್ಪಿಯ ಹೆಸರನ್ನು ಬರೆದಿಟ್ಟರು. ಇಂದು ನಾವು ಊರ ಅಗಸಿ, ಚಾವಡಿ, ಶಾಲೆಗಳನ್ನು ಕಟ್ಟಿದ ಗೌಂಡಿಗಳ ಹೆಸರನ್ನು ಬರೆಯುವುದಿಲ್ಲ. ಉದ್ಘಾಟಿಸಿದವರ ಹೆಸರನ್ನು ಮಾತ್ರ ಬರೆಯುತ್ತೇವೆ.

ಈ ಶಾಸನಗಳಲ್ಲಿ ಹಲವನ್ನು ಮೊದಲು ಓದಿ ಪ್ರಕಟಿಸಿದ ಜಾನ್ ಫೇಥ್‌ಫುಲ್ ಫ್ಲೀಟ್ ಅವರು ಮುಂಬಯಿ ಪ್ರಾಂತದ ಸರ್ಕಾರಿ ಅಧಿಕಾರಿ. ಕಂದಾಯದ ಕೆಲಸದ ನಡುವೆಯೇ ಅವರು ಈ ಕೆಲಸವನ್ನೂ ಮಾಡಿದರು. ಕಚೇರಿಯ ನೌಕರರಿಗೆ ಇದು ಗಮನಿಸತಕ್ಕ ಸಂಗತಿ. ಅವರು ಕಲ್ಲಿನ ಮಾತನ್ನಷ್ಟೇ ನಂಬಿ ಕುಳಿತವರಲ್ಲ. ಕನ್ನಡದ ಲಾವಣಿಗಳನ್ನು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಪ್ರಕಟಿಸಿದರು. 1857ರ ಹಲಗಲಿ ಬೇಡರ ದಂಗೆಯ ಲಾವಣಿಯೂ ಅವುಗಳಲ್ಲಿ ಒಂದು. ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯನ್ನು ಮೀರಿದ ಆ ಹಳ್ಳಿಯ ವಿಷಯದಲ್ಲಿ ಸರ್ಕಾರದ ಕಾಗದಗಳು ಒಂದು ಮಾತು ಹೇಳಿದರೆ ಲಾವಣಿ ಇನ್ನೊಂದು ಮಾತು ಹೇಳುತ್ತದೆ. ಎರಡೂ ಉಳಿದಿರುವುದರಿಂದಲೇ ಇಂದು ನಾವು ಹೋಲಿಸಿ ನೋಡಬಹುದಾಗಿದೆ.

ಕಾಗದವನ್ನು ಹುಡುಕುವವರಿಗೆ

ಹಳೆಯ ಕಾಗದ ಹುಡುಕುವವರು ಮೊದಲು ತಿಳಿಯಬೇಕಾದದ್ದು ಆಡಳಿತದ ಹೆಸರುಗಳ ಬದಲಾವಣೆ. ಇಂದಿನ ಬಾಗಲಕೋಟೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೆ ಹಿಂದೆ ಇದು ವಿಜಾಪುರ ಜಿಲ್ಲೆ. ಇನ್ನೂ ಹಿಂದೆ, 1880ರ ದಶಕದವರೆಗೆ, ಜಿಲ್ಲೆಯ ಕೇಂದ್ರ ಕಲಾದಗಿ. 1956ರವರೆಗೆ ಬಾದಾಮಿ, ಹುನಗುಂದ, ಬಾಗಲಕೋಟೆಗಳು ಮುಂಬಯಿ ಆಡಳಿತದಲ್ಲಿದ್ದವು. ಮುಧೋಳ, ಜಮಖಂಡಿಗಳು 1948ರವರೆಗೆ ಸಂಸ್ಥಾನಗಳಾಗಿದ್ದವು. ಇಳಕಲ್ಲಿನ ಆಚೆಗಿನ ಕುಷ್ಟಗಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಹೀಗಾಗಿ ಒಂದೇ ಮನೆತನದ ಕಾಗದಗಳು ಕನ್ನಡ, ಮರಾಠಿಯ ಮೋಡಿ ಲಿಪಿ, ಉರ್ದು, ಇಂಗ್ಲಿಷ್ ನಾಲ್ಕರಲ್ಲಿಯೂ ಇರಬಹುದು. ಮೋಡಿ ಓದಲು ಬರುವುದಿಲ್ಲವೆಂದು ಅವನ್ನು ಒಲೆಗೆ ಹಾಕಬಾರದು. ಓದುವವರು ಇಂದಿಗೂ ದೊರೆಯುತ್ತಾರೆ. ಓದುವವರೆಗೆ ಛಾಯಾಚಿತ್ರ ತೆಗೆದಿಟ್ಟರಾಯಿತು. ಮುಂಬಯಿ ಸರ್ಕಾರದ ಗ್ಯಾಝೆಟಿಯರಿನ ವಿಜಾಪುರ ಸಂಪುಟ 1884ರಲ್ಲಿ ಹೊರಬಂದಿದೆ. ಅದರಲ್ಲಿ ದೊಡ್ಡ ಊರುಗಳ, ಕಸುಬುಗಳ, ಬರಗಾಲಗಳ ವಿವರಗಳಿವೆ. ಆದರೆ ಅದು ಆಳುವವರ ಕಣ್ಣಿನಿಂದ ಬರೆದ ಗ್ರಂಥವೆಂಬ ಎಚ್ಚರ ಓದುಗರಿಗಿರಬೇಕು.

ಊರಲ್ಲಿಯೇ ದೊರೆಯುವ ಕಾಗದಗಳಲ್ಲಿ ಶಾಲೆಯ ದಾಖಲಾತಿ ವಹಿಯಷ್ಟು ಉಪಯುಕ್ತವಾದದ್ದು ಬೇರೊಂದಿಲ್ಲ. ಯಾವ ವರ್ಷ ಯಾವ ಓಣಿಯ ಮಕ್ಕಳು ಮೊದಲು ಶಾಲೆಗೆ ಬಂದರು, ಬರಗಾಲದ ವರ್ಷ ಎಷ್ಟು ಮಕ್ಕಳು ಶಾಲೆ ಬಿಟ್ಟರು, ತಂದೆಯ ಕಸುಬು ಏನಿತ್ತು ಎಂಬುದೆಲ್ಲ ಅದರಲ್ಲಿ ಕಾಣುತ್ತದೆ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು ನೋಡಬೇಕು; ಬದುಕಿರುವವರ ಹೆಸರುಗಳನ್ನು ಅದರಿಂದ ಎತ್ತಿ ಪ್ರಕಟಿಸಬಾರದು. ಪಂಚಾಯತಿಯ ಹಳೆಯ ನಡಾವಳಿ ಪುಸ್ತಕಗಳೂ ಅಷ್ಟೇ ಮುಖ್ಯ. ಗೆದ್ದಲು ಹಿಡಿದಿವೆಯೆಂದು ಅವನ್ನು ರದ್ದಿಗೆ ಹಾಕುವ ಮೊದಲು ಬಳಗದವರಿಗೊಮ್ಮೆ ತೋರಿಸುವುದು ಉಚಿತ.

ಹೆಳವರನ್ನು ಇಲ್ಲಿ ಮರೆಯಬಾರದು. ಎತ್ತಿನ ಮೇಲೆ ಬಂದು, ಮನೆಯ ಮುಂದೆ ನಿಂತು, ಮನೆತನದ ತಲೆಮಾರುಗಳನ್ನು ಹೇಳುವ ಇವರು ಬಾಯಿಮಾತು ಮತ್ತು ಬರಹ ಎರಡಕ್ಕೂ ಸೇರಿದವರು. ಯಾವ ಮನೆತನ ಯಾವ ಊರಿಂದ ಯಾವ ಕಾರಣಕ್ಕೆ ಎದ್ದು ಬಂತು ಎಂಬುದು ಅವರ ಹೊತ್ತಿಗೆಗಳಲ್ಲಿರುತ್ತದೆ. ಸುಗ್ಗಿಯ ನಂತರ ಅವರು ಊರಿಗೆ ಬಂದಾಗ ಒಂದು ದಿನ ಅರಿವು ಕೇಂದ್ರದಲ್ಲಿ ಕೂರಿಸಿ, ಯೋಗ್ಯ ಸಂಭಾವನೆ ಕೊಟ್ಟು, ಅವರ ಒಪ್ಪಿಗೆಯಿಂದ ಧ್ವನಿಮುದ್ರಣ ಮಾಡಿಕೊಳ್ಳಬೇಕು. ಅವರ ಹೊತ್ತಿಗೆಯನ್ನು ಕಸಿದು ನಕಲು ಮಾಡಿಕೊಳ್ಳುವುದು ತಪ್ಪು. ಅದು ಅವರ ಬದುಕಿನ ಆಧಾರ.

ಮಗ್ಗದ ಮಾತು

ಇಳಕಲ್ಲಿನ ಸೀರೆಯ ವಿಷಯದಲ್ಲಿ ಬರೆದದ್ದಕ್ಕೆ ಕೊರತೆಯಿಲ್ಲ. ಅದಕ್ಕೆ ಭೌಗೋಳಿಕ ಗುರುತಿನ ನೋಂದಣಿಯೂ ದೊರೆತಿದೆ. ಸೀರೆಯ ಮೈಯ ಹಾಸನ್ನೂ ಸೆರಗಿನ ರೇಷ್ಮೆಯ ಹಾಸನ್ನೂ ಒಂದರೊಳಗೊಂದು ಕುಣಿಕೆ ಹಾಕಿ ಜೋಡಿಸುವ ಕೊಂಡಿಯ ವಿಧಾನ, ತೋಪು ತೆನೆಯ ಸೆರಗು, ಗಾಯತ್ರಿ, ಗೋಮಿ, ಪರಾಸ ಎಂಬ ದಡಿಗಳು ಇವೆಲ್ಲ ಗೊತ್ತಿರುವ ಮಾತುಗಳೇ. ಆದರೆ ಒಬ್ಬ ನೇಕಾರನ ಮನೆಯಲ್ಲಿ ಕುಳಿತು ನೋಡಿದರೆ ಗೊತ್ತಿಲ್ಲದ್ದು ಇನ್ನೂ ಎಷ್ಟೋ ಇದೆಯೆಂಬುದು ತಿಳಿಯುತ್ತದೆ. ಕುಣಿಮಗ್ಗದ ಪ್ರತಿಯೊಂದು ಭಾಗಕ್ಕೂ ಒಂದೊಂದು ಹೆಸರಿದೆ. ಕೊಂಡಿ ಹಾಕುವುದಕ್ಕೆ ಎಷ್ಟು ಜನ ಎಷ್ಟು ಹೊತ್ತು ಕೂರಬೇಕು, ಕಂಡಿಕೆ ಸುತ್ತುವ ಕೆಲಸ ಮನೆಯ ಯಾವ ಹೆಣ್ಣುಮಕ್ಕಳ ಪಾಲಿಗೆ ಬರುತ್ತಿತ್ತು, ಕೂಲಿಯ ಲೆಕ್ಕ ಹೇಗಿತ್ತು, ಯಂತ್ರಮಗ್ಗ ಬಂದ ಮೇಲೆ ಯಾವ ಓಣಿಯ ಸದ್ದು ಮೊದಲು ನಿಂತಿತು ಎಂಬುದನ್ನು ಬಳಗದವರು ಕೇಳಿ ಬರೆಯಬೇಕು. ಗುಳೇದಗುಡ್ಡದ ಖಣದ ವಿಷಯದಲ್ಲಿಯೂ ಹೀಗೆಯೇ. ಮಗ್ಗ ಕಿತ್ತು ಕುಣಿ ಮುಚ್ಚಿದ ಮನೆಯಲ್ಲಿ ಆ ಹೆಸರುಗಳು ಒಂದು ತಲೆಮಾರಿನ ಆಚೆ ಉಳಿಯುವುದಿಲ್ಲ. ಕೇಳುವಾಗ ನಮ್ಮ ಪುಸ್ತಕದ ಶಬ್ದವನ್ನು ಅವರ ಬಾಯಿಗೆ ತುರುಕದೆ, ಅವರು ಹೇಳಿದ ಶಬ್ದವನ್ನು ಹೇಳಿದಂತೆಯೇ ಬರೆದುಕೊಳ್ಳುವುದು ಅವಶ್ಯ.

ಹಿರಿಯರು ಇಸವಿಯನ್ನು ಹೇಳುವುದಿಲ್ಲ, ಘಟನೆಯನ್ನು ಹೇಳುತ್ತಾರೆ. ಧಾತು ಬರ ಎಂದರೆ 1876ರಲ್ಲಿ ಆರಂಭವಾದ ಬರ. ಇಳಕಲ್ಲ, ಹುನಗುಂದದ ಕಡೆಯವರು ರಜಾಕಾರರ ಗದ್ದಲ ಎಂದರೆ 1947–48. ಗಾಂಧಿಯವರು ತೀರಿಕೊಂಡ ವರ್ಷ, ಎಪ್ಪತ್ತೆರಡರ ಬರ, ಮಗ ಹುಟ್ಟಿದ ಮುಂಗಾರು ಇವೆಲ್ಲ ಅವರ ಪಂಚಾಂಗ. ಮೊದಲು ಅವರು ಹೇಳಿದ್ದನ್ನು ಬರೆದುಕೊಂಡು, ಆಮೇಲೆ ಅದಕ್ಕೆ ಹೊಂದುವ ಇಸವಿಯನ್ನು ಕಂಸದಲ್ಲಿ ಬೇರೆಯಾಗಿ ನಮೂದಿಸಬೇಕು. ‘ಯಾವ ಇಸವಿ ಅಜ್ಜಾ?’ ಎಂದು ಒತ್ತಾಯಿಸಿದರೆ ಕೇಳಿದವರ ಸಮಾಧಾನಕ್ಕಾಗಿ ಯಾವುದೋ ಒಂದನ್ನು ಹೇಳಿಬಿಡುತ್ತಾರೆ.

ಮುಳುಗಡೆಯ ಊರುಗಳು

ಈ ಕೆಲಸಕ್ಕೆ ನಮ್ಮ ಜಿಲ್ಲೆಯಲ್ಲಿ ಬೇರೆಡೆಗಿಂತ ಹೆಚ್ಚಿನ ಅವಸರವಿದೆ. ಆಲಮಟ್ಟಿಯ ಹಿನ್ನೀರಿನಿಂದ ಕೃಷ್ಣಾ, ಘಟಪ್ರಭಾ ದಂಡೆಯ ಅನೇಕ ಹಳ್ಳಿಗಳು ಮುಳುಗಿ ಪುನರ್ವಸತಿ ಕೇಂದ್ರಗಳಾದವು. ಬಾಗಲಕೋಟೆ ಪಟ್ಟಣದ ಬಹುಭಾಗವೂ ಮುಳುಗಿ ನವನಗರ ಎದ್ದಿತು. ಜಲಾಶಯದ ಈಗಿನ ಪೂರ್ಣ ಮಟ್ಟ 519.60 ಮೀಟರ್. ಅದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೆಯ ನ್ಯಾಯಮಂಡಳಿಯು 2010ರ ತೀರ್ಪಿನಲ್ಲಿ ಅವಕಾಶ ನೀಡಿದೆ. ಹಾಗೆ ಏರಿದರೆ ಇನ್ನಷ್ಟು ಊರುಗಳು ಎದ್ದು ಹೋಗಬೇಕಾಗುತ್ತದೆ.

ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳದ ಸುತ್ತ ಗೋಡೆ ಕಟ್ಟಿ, ನೀರಿನ ನಡುವೆ ಮೆಟ್ಟಿಲಿಳಿದು ದರ್ಶನ ಪಡೆಯುವಂತೆ ಮಾಡಿ ಅದನ್ನು ಉಳಿಸಿಕೊಳ್ಳಲಾಯಿತು. ಅದು ಆಗಬೇಕಾದದ್ದೇ. ಆದರೆ ಸಾಮಾನ್ಯ ಊರಿನ ಹನುಮಪ್ಪನ ಗುಡಿಯ ಕಟ್ಟೆ, ಗರಡಿಮನೆ, ಸಂತೆಯ ಮಾಳ, ಸ್ಮಶಾನ, ಬಟ್ಟೆ ಒಗೆಯುವ ಕಲ್ಲುಗಳ ಸಾಲು ಇವಕ್ಕೆ ಯಾರೂ ಗೋಡೆ ಕಟ್ಟಲಾರರು. ಅವನ್ನು ಉಳಿಸುವ ಮಾರ್ಗ ಬರಹವೊಂದೇ. ಹಳೆಯ ಊರಿನಲ್ಲಿ ದೊಡ್ಡವರಾಗಿ ಬಾಳಿದವರು ಈಗ ವೃದ್ಧರು. ಯಾರ ಮನೆಯ ಪಕ್ಕಕ್ಕೆ ಯಾರ ಮನೆ ಇತ್ತು ಎಂದು ಅವರು ಕಣ್ಣು ಮುಚ್ಚಿ ಹೇಳಬಲ್ಲರು. ಹೊಸ ಊರಿನಲ್ಲಿ ಹುಟ್ಟಿದ ಮೊಮ್ಮಕ್ಕಳಿಗೆ ತಮ್ಮ ಊರಿನ ಅಗಸಿ ಯಾವ ದಿಕ್ಕಿಗಿತ್ತು ಎಂಬುದೂ ಗೊತ್ತಿಲ್ಲ.

ಪುನರ್ವಸತಿ ಕೇಂದ್ರದ ಬಳಗಗಳು ಮಾಡಬಹುದಾದ ಒಂದು ಕೆಲಸವಿದೆ. ದೊಡ್ಡ ಹಾಳೆಯೊಂದನ್ನು ನೆಲಕ್ಕೆ ಹಾಸಿ, ಹಳೆಯ ಊರಿನ ನಾಲ್ಕೈದು ಹಿರಿಯರನ್ನು ಅದರ ಸುತ್ತ ಕೂರಿಸಬೇಕು. ಹೆಣ್ಣುಮಕ್ಕಳು ಬೇರೆಯಾಗಿ ಕುಳಿತು ಇನ್ನೊಂದು ಹಾಳೆಯ ಮೇಲೆ ಹೇಳಲಿ. ಹೊಳೆ, ಅಗಸಿ, ಗುಡಿ, ಮಸೀದಿ, ಬಾವಿಗಳನ್ನು ಮೊದಲು ಗುರುತಿಸಿ, ನಂತರ ಓಣಿಗಳನ್ನು, ಕೊನೆಗೆ ಮನೆಗಳನ್ನು ಬರೆಯುತ್ತ ಹೋಗಬೇಕು. ಗಂಡಸರ ನಕ್ಷೆಯಲ್ಲಿ ಚಾವಡಿ, ಅಂಗಡಿ, ಗರಡಿಮನೆ ದೊಡ್ಡದಾಗಿ ಕಾಣುತ್ತವೆ. ಹೆಂಗಸರ ನಕ್ಷೆಯಲ್ಲಿ ನೀರಿನ ದಾರಿ, ಬೀಸುವ ಕಲ್ಲಿದ್ದ ಪಡಸಾಲೆ, ಬಾಣಂತನ ಮಾಡುವ ಮುದುಕಿಯ ಮನೆ ಕಾಣಿಸಿಕೊಳ್ಳುತ್ತವೆ. ಎರಡರಲ್ಲಿ ಹೊಂದದ ಕಡೆ ಯಾವುದು ಸರಿಯೆಂದು ಬಳಗವೇ ತೀರ್ಮಾನಿಸಲು ಹೋಗಬಾರದು. ಎರಡನ್ನೂ ಹಾಗೆಯೇ ಉಳಿಸಬೇಕು. ಇದಕ್ಕೆ ಬೆಂಬಲವಾಗಿ ಇನ್ನೊಂದು ದಾಖಲೆಯುಂಟು. ಭೂಸ್ವಾಧೀನದ ಕಾಲದಲ್ಲಿ ಪರಿಹಾರ ನಿರ್ಧರಿಸುವುದಕ್ಕಾಗಿ ಪ್ರತಿಯೊಂದು ಮನೆ, ಬಾವಿ, ಮರಗಳ ವಿವರವನ್ನು ಬರೆದಿರುತ್ತಾರೆ. ಕುಟುಂಬಗಳ ಬಳಿ ಉಳಿದಿರುವ ಆ ನೋಟೀಸು ಮತ್ತು ಐತೀರ್ಪಿನ ಪ್ರತಿಗಳನ್ನು ಜನರು ಹಣದ ಕಾಗದವೆಂದು ಮಾತ್ರ ತಿಳಿದಿದ್ದಾರೆ. ಮುಳುಗಿದ ಊರಿನಲ್ಲಿ ಎಷ್ಟು ಹುಣಿಸೆಮರ, ಎಷ್ಟು ಬೇವಿನಮರ ಇದ್ದವೆಂದು ಹೇಳಬಲ್ಲ ಬೇರೆ ಕಾಗದ ಬಹುಶಃ ಇಲ್ಲ. ಪರಿಹಾರದ ಮೊತ್ತ, ತಕರಾರು ಮುಂತಾದ ಖಾಸಗಿ ವಿವರಗಳನ್ನು ಬಿಟ್ಟು, ಉಳಿದದ್ದನ್ನು ಮನೆಯವರ ಒಪ್ಪಿಗೆಯಿಂದ ಬಳಸಬಹುದು.

ಇನ್ನೂ ಮುಳುಗದ, ಆದರೆ ಮುಳುಗಬಹುದಾದ ಊರುಗಳಲ್ಲಿ ಈ ಕೆಲಸ ಸುಲಭ. ಏಕೆಂದರೆ ಬಾಗಿಲುಗಳು ಇನ್ನೂ ನಿಂತಿವೆ, ನಡೆದು ನೋಡಬಹುದು. ಮಲಪ್ರಭೆಯ ದಂಡೆಯವರಿಗೂ ಈ ಮಾತು ಅನ್ವಯಿಸುತ್ತದೆ. 2009ರಲ್ಲಿ ನೆರೆ ಜಿಲ್ಲೆಯನ್ನು ನಡುಗಿಸಿತು. 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೇ ನೀರು ನುಗ್ಗಿತು. ಮಣ್ಣಿನ ಮಾಳಿಗೆಯ ಮನೆ ಬಿದ್ದಾಗ ಜಂತಿಯ ಸಂದಿನಲ್ಲಿಟ್ಟ ಕಾಗದದ ಗಂಟೂ ಹೋಗುತ್ತದೆ.

ಬರೆಯುವಾಗ, ಪ್ರಕಟಿಸುವಾಗ

ದೊಡ್ಡ ಗ್ರಂಥ ಬರೆಯುತ್ತೇವೆಂದು ಕುಳಿತ ಬಳಗಗಳು ಎರಡು ವರ್ಷಗಳಲ್ಲಿ ಚದುರಿಹೋಗುತ್ತವೆ. ತಿಂಗಳಿಗೊಂದು ಪುಟದ ಟಿಪ್ಪಣಿ ಸಾಕು. ಅದನ್ನು ಅರಿವು ಕೇಂದ್ರದ ಗೋಡೆಗೆ ಅಂಟಿಸಿ, ಗ್ರಾಮಸಭೆಯ ದಿನ ಓದಿ ಹೇಳಿದರೆ ತಿದ್ದುಪಡಿಗಳು ತಾವಾಗಿಯೇ ಬರುತ್ತವೆ. ವಿಜಾಪುರದಲ್ಲಿ ಡಾ. ಫ. ಗು. ಹಳಕಟ್ಟಿಯವರು ವೃತ್ತಿಯಿಂದ ವಕೀಲರಾಗಿದ್ದು ಊರೂರು ಅಲೆದು ವಚನಗಳ ತಾಳೆಗರಿಗಳನ್ನು ಕೂಡಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಆ ಬಳಿಕ 1926ರಿಂದ ‘ಶಿವಾನುಭವ’ ಪತ್ರಿಕೆಯಲ್ಲಿ ದೊರೆತದ್ದನ್ನು ದೊರೆತಂತೆ ಸಂಚಿಕೆಯಿಂದ ಸಂಚಿಕೆಗೆ ಪ್ರಕಟಿಸುತ್ತ ಹೋದರು. ಎಲ್ಲವೂ ಸಿಕ್ಕ ಮೇಲೆ ಅಚ್ಚು ಮಾಡುತ್ತೇನೆಂದು ಅವರು ಕಾದಿದ್ದರೆ ಎಷ್ಟೋ ಗೆದ್ದಲಿನ ಪಾಲಾಗುತ್ತಿತ್ತು.

ಟಿಪ್ಪಣಿ ಹೇಗಿರಬೇಕೆಂಬುದಕ್ಕೆ ಮಾದರಿಗಾಗಿ ಒಂದು ಕಲ್ಪಿತ ಬಾವಿಯನ್ನು ತೆಗೆದುಕೊಳ್ಳೋಣ. ‘ಅತ್ಯಂತ ಪುರಾತನವೂ ಚಾಲುಕ್ಯರ ವೈಭವವನ್ನು ಸಾರುವುದೂ ಆದ ಭವ್ಯ ಬಾವಿ’ ಎಂದು ಬರೆದರೆ ಓದುಗನಿಗೆ ಏನೂ ತಿಳಿಯುವುದಿಲ್ಲ. ‘ಅಗಸಿಯ ಹೊರಗೆ, ಹಳ್ಳದ ದಾರಿಯ ಎಡಕ್ಕೆ ಇದೆ. ಕಲ್ಲಿನ ಮೆಟ್ಟಿಲು 22. ಒಳಗೋಡೆಯಲ್ಲಿ ಅಕ್ಷರಗಳಿರುವ ಕಲ್ಲೊಂದಿದ್ದು, ಸುಣ್ಣ ಬಳಿದಿರುವುದರಿಂದ ಓದಲಾಗಿಲ್ಲ. ಬರಗಾಲದಲ್ಲಿ ತೋಡಿಸಿದ್ದೆಂದು ತಮ್ಮ ಅತ್ತೆ ಹೇಳುತ್ತಿದ್ದರೆಂದು ಊರಿನ ಹಿರಿಯ ಮಹಿಳೆಯೊಬ್ಬರು ತಿಳಿಸಿದರು. ಯಾವ ಬರವೆಂದು ಅವರಿಗೆ ನೆನಪಿಲ್ಲ. ನೋಡಿ ಬರೆದ ದಿನಾಂಕ ಇಂಥದು’ ಎಂದು ಬರೆದರೆ, ನಾಳೆ ಸುಣ್ಣ ತೊಳೆದು ಓದಬಲ್ಲವರೊಬ್ಬರು ಬಂದಾಗ ಅಲ್ಲಿಂದ ಮುಂದುವರಿಸಬಹುದು. ತಿಳಿಯದ್ದನ್ನು ತಿಳಿಯದು ಎಂದು ಬರೆಯುವುದರಲ್ಲಿ ಸಂಕೋಚ ಬೇಡ.

ಕಲ್ಲಿನ ವಿಷಯದಲ್ಲಿ ಕೆಲವು ಎಚ್ಚರಿಕೆಗಳು ಅವಶ್ಯ. ಅಕ್ಷರ ಕಾಣಲೆಂದು ಶಾಸನದ ಮೇಲೆ ಎಣ್ಣೆ, ಬಣ್ಣ, ಸೀಮೆಸುಣ್ಣ ಹಚ್ಚಬಾರದು, ಮೊಳೆಯಿಂದ ಕೆರೆಯಬಾರದು. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ, ಇಲ್ಲವೇ ರಾತ್ರಿ ಪಕ್ಕದಿಂದ ಬ್ಯಾಟರಿ ಹಿಡಿದು ಛಾಯಾಚಿತ್ರ ತೆಗೆದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಅವನು ಸೇರಿದ ದೇವಲೋಕ. ತುರುಗಳು ಕಂಡರೆ ಅದು ದನ ಬಿಡಿಸುವ ಕಾಳಗ. ಸಂರಕ್ಷಿತ ಸ್ಮಾರಕದಲ್ಲಿ ಅಚ್ಚು ತೆಗೆಯುವುದಕ್ಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ನೆಲ ಅಗೆಯುವಾಗ ನಾಣ್ಯ, ಒಡವೆ, ವಿಗ್ರಹ ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸುವುದು ಕಾನೂನಿನ ಕರ್ತವ್ಯ. ಕಾವಲಿಲ್ಲದ ಗುಡಿಯ ಒಳ್ಳೆಯ ವಿಗ್ರಹದ ಚಿತ್ರವನ್ನು ದಾರಿಯ ವಿವರದೊಂದಿಗೆ ಪ್ರಕಟಿಸುವುದು ಕಳ್ಳನಿಗೆ ವಿಳಾಸ ಕೊಟ್ಟಂತೆ. ಅಂಥವನ್ನು ಬಳಗದ ಕಡತದಲ್ಲಿ ಮಾತ್ರ ಇಟ್ಟು, ಪ್ರಕಟಿಸುವ ಟಿಪ್ಪಣಿಯಲ್ಲಿ ಊರಿನ ಹೆಸರಷ್ಟನ್ನೇ ಹೇಳಬೇಕು.

ಜಾತಿ, ಮನೆತನ, ದೇವಸ್ಥಾನದ ಮಾನಮರ್ಯಾದೆಗಳ ಪ್ರಶ್ನೆ ಬಂದಾಗ ಊರಿನ ಇತಿಹಾಸ ಜಗಳಕ್ಕೆ ತಿರುಗುವುದುಂಟು. ಯಾರ ಮನೆತನ ಮೊದಲು ಬಂತು ಎಂಬುದನ್ನು ಸಾಧಿಸಲು ಈ ಕೆಲಸ ಮಾಡಬಾರದು. ಅದೇ ರೀತಿ, ಕೆಲವರಿಗೆ ಬಾವಿಯ ನೀರು ಮುಟ್ಟಲು ಬಿಡುತ್ತಿರಲಿಲ್ಲ ಎಂಬಂಥ ಸಂಗತಿಯನ್ನು ಊರಿನ ಹೆಸರು ಕೆಡುತ್ತದೆಂದು ಮುಚ್ಚಿಡಲೂ ಬಾರದು. ಆ ನೋವನ್ನು ಉಂಡವರು ಹೇಳಲು ಒಪ್ಪಿದರೆ ಅವರ ಮಾತಿನಲ್ಲಿಯೇ ಬರೆಯಬೇಕು. ಹೆಸರು ಹಾಕಬೇಕೋ ಬೇಡವೋ ಎಂಬುದನ್ನು ಹೇಳಿದವರೇ ನಿರ್ಧರಿಸಲಿ. ಅಚ್ಚಾಗುವ ಮೊದಲು ಬರೆದದ್ದನ್ನು ಅವರಿಗೆ ಓದಿ ಹೇಳಿರಿ.

ಛಾಯಾಚಿತ್ರವನ್ನು ವಾಟ್ಸಾಪಿನಲ್ಲಿ ಕಳಿಸಿ ಮೂಲವನ್ನು ಅಳಿಸಿಬಿಡುವ ಅಭ್ಯಾಸ ಬಹಳವಾಗಿದೆ. ಹಾಗೆ ಕಳಿಸಿದ ಚಿತ್ರದ ಗಾತ್ರ ಕುಗ್ಗಿ, ತೆಗೆದ ದಿನಾಂಕವೂ ಹೋಗಿಬಿಡುತ್ತದೆ. ಮೂಲ ಚಿತ್ರಕ್ಕೆ ಊರು, ವಸ್ತು, ದಿನಾಂಕ ಸೇರಿಸಿ ಹೆಸರಿಟ್ಟು ಪೆನ್‌ಡ್ರೈವಿನಲ್ಲಿ ಉಳಿಸಬೇಕು. ಟಿಪ್ಪಣಿಯ ಮುದ್ರಿತ ಪ್ರತಿಗಳಲ್ಲಿ ಒಂದು ಅರಿವು ಕೇಂದ್ರದಲ್ಲಿ, ಒಂದು ಶಾಲೆಯಲ್ಲಿ, ಒಂದು ಊರಿಂದಾಚೆಗೆ, ಅಂದರೆ ತಾಲೂಕಿನ ಅಥವಾ ಜಿಲ್ಲೆಯ ಗ್ರಂಥಾಲಯದಲ್ಲಿ ಇರಲಿ. ನೆರೆ ಬಂದ ದಿನ ಒಂದೇ ಊರಿನ ಎರಡು ಪ್ರತಿಗಳೂ ಒಟ್ಟಿಗೆ ಹೋಗಬಹುದು. ಕಡತದ ಕೊನೆಯಲ್ಲಿ ‘ತಿದ್ದುಪಡಿ’ ಎಂಬ ಹೆಸರಿನ ಕೆಲವು ಖಾಲಿ ಹಾಳೆಗಳನ್ನು ಹೊಲಿದಿಡಬೇಕು. ಹಿಂದೆ ಬರೆದದ್ದು ತಪ್ಪೆಂದು ಗೊತ್ತಾದಾಗ ಹಳೆಯ ಪುಟವನ್ನು ಕಿತ್ತು ಹಾಕದೆ, ಯಾರು ಯಾವ ಆಧಾರದಿಂದ ತಿದ್ದಿದರೆಂಬುದನ್ನು ಆ ಹಾಳೆಯಲ್ಲಿ ದಿನಾಂಕದೊಂದಿಗೆ ಬರೆಯತಕ್ಕದ್ದು.